ಎಚ್ಚರವಿದ್ದವಳನ್ನು ಎಬ್ಬಿಸಿದ ಕಾರು

ಅತ್ತೆಯ ಕಾರು ಅತ್ತೆಯ ಮೇಲೆಯೇ ಚಾಡಿ ಹೇಳಿತು. ಅದೂ ಗುಟ್ಟಾಗಿ ಅಲ್ಲ, ಬಾಡಿಗೆಗೆ ಕೂತ ಜನರ ಎದುರಿಗೆ, ಗಟ್ಟಿ ಗಂಟಲಿನಲ್ಲಿ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಈ ವಿಷಯ ಕೇಳಿಯೂ ಕೋಪ ಬರದವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಕೋಪ ಬರುತ್ತದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಬಹುವಚನದಲ್ಲಿ ಮಾತಾಡಿಸಿದರೆ ‘ನಾನೇನು ನಿಮ್ಮ ಹೆಡ್‌ಮಿಸ್ಸಾ?’ ಎನ್ನುತ್ತಾಳೆ, ಹಾಗಾಗಿ ಏಕವಚನವೇ. ನಮ್ಮದು ಬೀದಿ ಮೂಲೆಯ ಫೋಟೊ ಸ್ಟುಡಿಯೊ. ಒಳಗೆ ಅಪ್ಪ ಫೋಟೊ ತೆಗೆಯುತ್ತಾನೆ, ಕೌಂಟರಿನಲ್ಲಿ ನಾನು ಕೂರುತ್ತೇನೆ. ಮೇಲಿನ ಮಹಡಿಯಲ್ಲಿ ನಮ್ಮ ಮನೆ, ಹಿಂದುಗಡೆಯ ಎರಡು ಕೋಣೆಯಲ್ಲಿ ಅತ್ತೆ, ಅವಳ ಕಿಟಕಿಯ ಕೆಳಗೆ ಅವಳ ಎಲೆಕ್ಟ್ರಿಕ್ ಕಾರು. ಅದರಲ್ಲಿ ಅವಳು ಡಯಾಲಿಸಿಸ್ ಸೆಂಟರಿಗೆ ಹೋಗುವ ರೋಗಿಗಳನ್ನು ಕರೆದುಕೊಂಡು ಹೋಗಿ, ರಕ್ತ ಶುದ್ಧಿಯಾದ ಮೇಲೆ ಮನೆಗೆ ಬಿಟ್ಟು ಬರುತ್ತಾಳೆ. ವಾಪಸ್ ಬರುವಾಗ ಅವರಿಗೆ ಕತ್ತು ನಿಲ್ಲಿಸುವಷ್ಟೂ ಶಕ್ತಿ ಇರುವುದಿಲ್ಲ. ಒಂದು ಸಣ್ಣ ಗುಂಡಿಗೆ ಚಕ್ರ ಇಳಿದರೂ ನರಳುತ್ತಾರೆ. ಅತ್ತೆ ಅವರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತರುತ್ತಾಳೆ. ಬೇರೆ ಡ್ರೈವರ್ ಬಂದರೆ ‘ನಾವು ಕಾಯ್ತೀವಿ, ಅವರೇ ಬರಲಿ’ ಎನ್ನುವ ರೋಗಿಗಳಿದ್ದಾರೆ. ಅತ್ತೆ ಆ ಮಾತನ್ನು ಊಟಕ್ಕೆ ಕೂತಾಗ ಹೇಳಿಕೊಂಡು ಹಿಗ್ಗುತ್ತಿದ್ದಳು.

ಇನ್ನು ಅವಳ ಕಣ್ಣಿನ ವಿಷಯ. ಅದನ್ನು ಬರೆಯಲು ಕೈ ತಡೆಯುತ್ತಿದೆ, ಯಾಕೆಂದರೆ ನಮ್ಮ ಮನೆಯಲ್ಲಿ ಆ ಮಾತು ಎತ್ತುವ ಪದ್ಧತಿಯೇ ಇಲ್ಲ. ಅತ್ತೆಯ ಬಲಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದಿದೆ. ದೃಷ್ಟಿಗೆ ಎಳ್ಳಷ್ಟೂ ಕೊರತೆ ಇಲ್ಲ. ರೆಪ್ಪೆಯ ಕೆಳಗಿನಿಂದ ಸರಿಯಾಗಿ ಕಾಣಲೆಂದು ಗದ್ದ ಸ್ವಲ್ಪ ಮೇಲೆತ್ತಿಕೊಂಡಿರುತ್ತಾಳೆ, ಅಷ್ಟೆ. ಅಷ್ಟಕ್ಕೇ ಶಾಲೆಯಲ್ಲಿ ಮೇಷ್ಟ್ರು ನಿದ್ದೆ ಮಾಡ್ತೀಯಾ ಎಂದು ಸೀಮೆಸುಣ್ಣ ಎಸೆಯುತ್ತಿದ್ದರಂತೆ. ಜೊತೆಯ ಹುಡುಗಿಯರು ‘ತೂಕಡಿಕೆ’ ಎಂದು ಹೆಸರಿಟ್ಟರು. ದೊಡ್ಡವಳಾದ ಮೇಲೆ ಅದೇ ಗದ್ದ ನೋಡಿ, ಏನು ಜಂಬ ಇವಳಿಗೆ ಎಂದರು. ಒಂದೇ ಮುಖಕ್ಕೆ ಸೋಮಾರಿ ಎಂಬ ಹೆಸರೂ ಬಂತು, ಜಂಬಗಾತಿ ಎಂಬ ಹೆಸರೂ ಬಂತು. ಆಮೇಲೆ ಅವಳು ತಿಳಿಕಂದು ಬಣ್ಣದ ಕನ್ನಡಕ ಹಾಕಿಕೊಂಡಳು. ಕಾರಿಗೆ ಹತ್ತುವವರಿಗೆ ಕನ್ನಡಕವಷ್ಟೇ ಕಾಣುತ್ತಿತ್ತು. ‘ತೂಕಡಿಕೆ’ ಎಂಬ ಹೆಸರು ಸತ್ತೇ ಹೋಗಿತ್ತು.

ಕಾರು ಕೊಂಡ ಹೊಸತರಲ್ಲಿ ಅತ್ತೆ ಅದನ್ನು ಹೊಗಳಿದ್ದೇ ಹೊಗಳಿದ್ದು. ಕಂಪನಿಯಿಂದ ಮೊದಲನೇ ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗಂತೂ ಅವಳ ಕಾಲು ನೆಲದ ಮೇಲೆ ಇರಲಿಲ್ಲ. ಕಾರು ತಾನಾಗಿಯೇ ರಸ್ತೆಯ ಗೆರೆ ಹಿಡಿದುಕೊಂಡು ಹೋಗಲು, ಮುಂದಿನ ಗಾಡಿಯಿಂದ ದೂರ ಕಾದುಕೊಳ್ಳಲು ಕಲಿತಿತ್ತು. ‘ಬುದ್ಧಿ ಬಂತು ನೋಡೇ ಇದಕ್ಕೆ. ಹಿಂದೆ ಕೂತವರಿಗೆ ಬ್ರೇಕ್ ಹಾಕಿದ್ದೇ ಗೊತ್ತಾಗಲ್ಲ’ ಎಂದು ನನ್ನನ್ನೂ ಒಂದು ಸುತ್ತು ಕರೆದುಕೊಂಡು ಹೋಗಿದ್ದಳು. 

ಎರಡನೇ ಅಪ್‌ಡೇಟ್ ಬಂದ ಬೆಳಿಗ್ಗೆಯಿಂದ ಅವಳ ರಾಗ ಬದಲಾಯಿತು. ಮೇಲ್ಸೇತುವೆಯ ನೆರಳು ರಸ್ತೆಗೆ ಬಿದ್ದಿದ್ದರೆ ಕಾರು ಅದನ್ನು ಗೋಡೆ ಎಂದುಕೊಂಡು ಗಕ್ಕನೆ ನಿಲ್ಲತೊಡಗಿತು. ವೈಪರ್ ಹಾಕುವ ಗುಂಡಿ ಸ್ಕ್ರೀನಿನಲ್ಲಿ ಎಲ್ಲೋ ಒಳಗೆ ಹೋಗಿ ಅಡಗಿಕೊಂಡಿತು. ‘ಅಲ್ವೇ, ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದ್ರೆ ಯಾರೋ ಉಪ್ಪಿನ ಡಬ್ಬಕ್ಕೆ ಸಕ್ಕರೆ ತುಂಬಿಟ್ಟಿರ್ತಾರೆ. ಯಾಕಪ್ಪಾ ಅಂದ್ರೆ, ನಿಮ್ಮ ಅನುಕೂಲಕ್ಕೆ ಅಂತಾರೆ. ಕಾರು ನಂದೋ ಅವರದೋ?’ ಎಂದು ಅತ್ತೆ ಕೇಳಿದಳು. ನನಗೂ ಅದೇ ಅರ್ಥವಾಗುವುದಿಲ್ಲ. ಕಾಸು ಕೊಟ್ಟು ಮನೆಗೆ ತಂದ ವಸ್ತುವನ್ನು ನಾವು ಮಲಗಿರುವಾಗ ಇನ್ನೊಬ್ಬರು ಬಂದು ತಿದ್ದಿ ಹೋಗುವುದು, ನಾವು ಎದ್ದು ಅವರಿಗೆ ಥ್ಯಾಂಕ್ಸ್ ಹೇಳುವುದು, ಇದು ಎಲ್ಲಿಯ ನ್ಯಾಯ? ಆದರೂ ಅತ್ತೆ ಸೇತುವೆ ಬಂದಾಗ ಆಕ್ಸಿಲರೇಟರಿನ ಮೇಲೆ ಕಾಲಿಟ್ಟುಕೊಂಡು ಹೇಗೋ ಸಂಭಾಳಿಸಿದಳು.

ಮೂರನೆಯದು ಬಂತು. ಸ್ಕ್ರೀನಿನಲ್ಲಿ ‘ಚಾಲಕರ ಸುರಕ್ಷತೆಗಾಗಿ ಹೊಸ ಸೌಲಭ್ಯ’ ಎಂದಿತ್ತು. ಕನ್ನಡಿಯ ಮೇಲೆ ಕಡಲೆಕಾಳಿನಷ್ಟು ಒಂದು ಕ್ಯಾಮೆರಾ ಇದೆ. ಅಷ್ಟು ದಿನ ಅದು ಸುಮ್ಮನೆ ಕೂತಿತ್ತು. ಈಗ ಅದು ಓಡಿಸುವವರ ಕಣ್ಣು ನೋಡುತ್ತದಂತೆ, ಬಣ್ಣದ ಕನ್ನಡಕ ಹಾಕಿದ್ದರೂ ಕಾಣುತ್ತದಂತೆ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ.

ಅವತ್ತು ಕಾರಿನಲ್ಲಿ ಮೂವರಿದ್ದರು. ಮುಂದಿನ ಸೀಟಿನಲ್ಲಿ ಟೈಲರಮ್ಮ. ವಯಸ್ಸಾಗಿದೆ, ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಅವರಿಗೆ ಯಾವತ್ತೂ ಮುಂದಿನ ಸೀಟೇ. ಹಿಂದೆ ನಿವೃತ್ತ ಬ್ಯಾಂಕಿನವರು ಮತ್ತು ಅವರ ಹೆಂಡತಿ. ಸೆಂಟರಿನಿಂದ ವಾಪಸ್ ಬರುವಾಗ, ದೊಡ್ಡ ರಸ್ತೆಗೆ ತಿರುಗುತ್ತಿದ್ದ ಹಾಗೆ ಕಾರು ಬಾಯಿ ಬಿಟ್ಟಿತು: ‘ಚಾಲಕರಿಗೆ ನಿದ್ದೆ ಬರುತ್ತಿದೆ. ದಯವಿಟ್ಟು ವಾಹನ ನಿಲ್ಲಿಸಿ ವಿಶ್ರಾಂತಿ ಪಡೆಯಿರಿ.’ ಸ್ಕ್ರೀನಿನಲ್ಲಿ ಹೊಗೆಯಾಡುವ ಕಾಫಿ ಕಪ್ಪಿನ ಚಿತ್ರ. ಅತ್ತೆ ‘ಎಚ್ಚರವಾಗೇ ಇದೀನಪ್ಪ’ ಎಂದು ನಕ್ಕಳು. ಕಾರು ನಗಲಿಲ್ಲ. ಮತ್ತೆ ಹೇಳಿತು. ಮತ್ತೆ ಹೇಳಿತು. ಅವಳ ಸೀಟನ್ನು ಗಡಗಡ ಅಲ್ಲಾಡಿಸಿತು. ಕಡೆಗೆ ಎಲ್ಲ ದೀಪ ಮಿಣುಕಿಸಿಕೊಂಡು, ತಾನೇ ವೇಗ ಇಳಿಸಿ, ರಸ್ತೆ ಬದಿಗೆ ಹೋಗಿ ನಿಂತುಬಿಟ್ಟಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಡಿ ಓಡಿಸುವ ಹೆಂಗಸನ್ನು ನಾಲ್ಕು ಜನರೆದುರು ನಿದ್ದೆಬುರುಕಿ ಎಂದು ಸಾರಿತು.

ಬ್ಯಾಂಕಿನವರು ಹಿಂದಿನಿಂದ, ‘ರಾತ್ರಿಯೂ ಬಾಡಿಗೆ ಹೊಡೀತೀರೇನಮ್ಮ?’ ಎಂದು ಕೇಳಿದರು. ಕೇಳಿದ್ದು ಮೆತ್ತಗೇ. ಅತ್ತೆ ಕಾರನ್ನು ಮತ್ತೆ ಹೊರಡಿಸಿದ ಮೇಲೂ ಅವರ ಹೆಂಡತಿ ಮಾತ್ರ ಮನೆ ಮುಟ್ಟುವ ತನಕ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರಂತೆ. ಮರುದಿನವೂ ಅದೇ ಆಯಿತು. ಅದರ ಮರುದಿನ ಟೈಲರಮ್ಮನ ಮಗಳು ಫೋನ್ ಮಾಡಿ, ಈ ವಾರ ನಾವೇ ಕರ್ಕೊಂಡು ಹೋಗ್ತೀವಿ ಎಂದಳು. ಆಮೇಲೆ ಸೆಂಟರಿನ ಹಿರಿಯ ನರ್ಸ್ ಫೋನ್ ಮಾಡಿದರು. ‘ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ಆದ್ರೆ ಕಾರೇ ಹಾಗೆ ಹೇಳ್ತಿರೋವಾಗ ನಾನು ಪೇಷೆಂಟ್ಸ್‌ನ ಹೇಗೆ ಕಳಿಸ್ಲಿ? ಅದನ್ನ ಸರಿ ಮಾಡಿಸ್ಕೊಂಡು ಬನ್ನಿ’ ಎಂದರು. ಅತ್ತೆ ಸರಿ ಎಂದು ಫೋನಿಟ್ಟು ತನ್ನ ಕೋಣೆಗೆ ಹೋದಳು. ಆ ಸಂಜೆ ಅವಳು ಊಟಕ್ಕೆ ಮೇಲೆ ಬರಲಿಲ್ಲ. ಸೆಂಟರಿನ ಓಡಾಟ ಒಂದು ನಿಂತರೆ ಅವಳಿಗೆ ಬೇರೆ ಏನು ಉಳಿಯುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ಅಪ್ಪ ಇದರಲ್ಲೆಲ್ಲ ಮುಂದೆ ಬರುವವನಲ್ಲ. ನಾನೇ ಅತ್ತೆಯ ಜೊತೆ ಸರ್ವಿಸ್ ಸೆಂಟರಿಗೆ ಹೋದೆ. ಗಾಜಿನ ಬಾಗಿಲು, ಮೆತ್ತನೆ ಸೋಫಾ, ಇಸ್ತ್ರಿ ಮುರಿಯದ ಅಂಗಿ ಹಾಕಿದ ಒಬ್ಬ ಮನುಷ್ಯ. ಅವನು ಅತ್ತೆಯ ಮುಖವನ್ನು ಪೂರ್ತಿ ನೋಡದೆ ಟ್ಯಾಬ್ ನೋಡಿಕೊಂಡೇ ಮಾತಾಡಿದ.

‘ಹಳೇ ಅಪ್‌ಡೇಟ್‌ಗೆ ವಾಪಸ್ ಹೋಗೋಕಾಗಲ್ಲ ಮೇಡಂ.’

‘ಸರಿ, ಇದೊಂದನ್ನ ಆಫ್ ಮಾಡಿ’ ಎಂದೆ ನಾನು.

‘ಸುರಕ್ಷತೆ ವಿಷಯ, ಆಫ್ ಮಾಡೋ ಹಾಗಿಲ್ಲ.’

‘ಕ್ಯಾಮೆರಾ ಮೇಲೆ ಸ್ಟಿಕ್ಕರ್ ಹಚ್ಚಿದ್ರೆ?’

‘ಗಾಡಿ ಮುಂದಕ್ಕೇ ಹೋಗಲ್ಲ.’ ಆಮೇಲೆ ಅತ್ತೆಯ ಕಡೆ ತಿರುಗಿ, ಬಹಳ ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ: ‘ಮೇಡಂ, ನೀವು ಸ್ವಲ್ಪ ಕಣ್ಣು ದೊಡ್ಡದು ಮಾಡ್ಕೊಂಡು ಓಡಿಸಿ ನೋಡಿ.’

ನನಗೆ ಪಿತ್ತ ನೆತ್ತಿಗೇರಿತು. ‘ನೀವು ಸ್ವಲ್ಪ ಕಿವಿ ದೊಡ್ಡದು ಮಾಡ್ಕೊಂಡು ಕೇಳಿಸ್ಕೊಳ್ಳಿ’ ಎಂದು ಶುರು ಮಾಡಿದೆ. ಮುಂದೆ ಏನೇನು ಬೈದೆನೋ ನೆನಪಿಲ್ಲ. ಸೋಫಾದಲ್ಲಿದ್ದವರು ಫೋನು ಕೆಳಗಿಟ್ಟು ನೋಡುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದು ಕೂರಿಸಿದಳು. ಅವನು ಮತ್ತೆ ಟ್ಯಾಬ್ ನೋಡಿ, ದಾರಿ ಒಂದಿದೆ ಎಂದ. ಕಣ್ಣಿನ ಡಾಕ್ಟರ ಪತ್ರ, ಅದರ ಜೊತೆ ಡ್ರೈವಿಂಗ್ ಲೈಸೆನ್ಸ್, ಎರಡನ್ನೂ ಕಂಪನಿಗೆ ಕಳಿಸಿದರೆ, ಅವರು ನೋಡಿ ಈ ಕಾರಿಗೆ ಮಾತ್ರ ಕಣ್ಣಿನ ಅಳತೆ ಬದಲಿಸಿ ಕೊಡುತ್ತಾರಂತೆ. ಇದನ್ನು ಮೊದಲೇ ಹೇಳಲು ಅವನಿಗೆ ಏನಾಗಿತ್ತೋ.

ಡಾಕ್ಟರು ಎರಡು ಸಾಲಿನಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರು: ರೆಪ್ಪೆ ಹುಟ್ಟಿನಿಂದಲೇ ಇಳಿದಿದೆ, ದೃಷ್ಟಿ ಪೂರ್ತಿ ಇದೆ. ಲೈಸೆನ್ಸ್ ಕೇಳಿದರೆ ಅತ್ತೆ ಬೇರೆ ಕೆಲಸ ಮಾಡುತ್ತಾ, ಪರ್ಸಿನಲ್ಲಿದೆ ತಗೋ ಎಂದಳು. ನಾನು ಲೈಸೆನ್ಸಿನ ಎರಡೂ ಬದಿ ಸ್ಕ್ಯಾನ್ ಮಾಡಿ ಕಳಿಸಿದೆ. ನಂಬರು ಸರಿಯಾಗಿ ಬಂದಿದೆಯಾ ಎಂದು ನೋಡಿದೆನೇ ಹೊರತು ಫೋಟೊ ಕಡೆ ಗಮನ ಕೊಡಲಿಲ್ಲ. ಮನೆಯವರ ಮುಖವನ್ನು ಯಾರು ಫೋಟೊದಲ್ಲಿ ನೋಡುತ್ತಾರೆ?

ಉತ್ತರ ಬಂದಾಗ ನಾನು ಕೌಂಟರಿನಲ್ಲಿದ್ದೆ. ಅತ್ತೆ ಎದುರಿನ ಸ್ಟೂಲಿನಲ್ಲಿ ಕೂತಿದ್ದಳು. ಕೆಲಸವಿಲ್ಲದ ಅಷ್ಟು ದಿನ ಅವಳು ಅಲ್ಲಿಯೇ ಕೂರುತ್ತಿದ್ದಳು. ನಾನು ಜೋರಾಗಿ ಓದಿದೆ: ‘ನಿಮ್ಮ ಲೈಸೆನ್ಸಿನ ಫೋಟೊದಲ್ಲಿ ಎರಡೂ ಕಣ್ಣುಗಳು ಸಮನಾಗಿ ತೆರೆದಿವೆ. ವೈದ್ಯರ ಪತ್ರಕ್ಕೂ ಫೋಟೊಗೂ ಹೊಂದಾಣಿಕೆಯಾಗುತ್ತಿಲ್ಲ. ನಿಮ್ಮ ಮನವಿಯನ್ನು ಒಪ್ಪಲಾಗುವುದಿಲ್ಲ. ಚಾಲನೆಗೆ ಮುನ್ನ ಸಾಕಷ್ಟು ನಿದ್ದೆ ಮಾಡಿ. ಶುಭ ದಿನ.’

‘ಇವರ ಮುಖಕ್ಕಿಷ್ಟು. ಇವರ ಕಣ್ಣಿಗೇನಾಗಿದೆ?’ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಾ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದೆ. ಬೈಗುಳ ಅಲ್ಲಿಗೇ ನಿಂತಿತು. ಫೋಟೊದಲ್ಲಿ ಅತ್ತೆಗೆ ಎರಡು ದೊಡ್ಡ ಕಣ್ಣು. ಒಂದರ ಹಾಗೆ ಇನ್ನೊಂದು. ಎಡಗಣ್ಣಿನಲ್ಲಿ ಬೆಳಕಿನ ಚುಕ್ಕೆ ಎಡಗಡೆಗೆ, ಬಲಗಣ್ಣಿನಲ್ಲಿ ಬಲಗಡೆಗೆ. ಒಂದೇ ದೀಪದ ಎದುರು ಕೂತವರಿಗೆ ಹಾಗೆ ಆಗುವುದಿಲ್ಲ. ಎಡಗಣ್ಣನ್ನೇ ನಕಲು ಮಾಡಿ, ತಿರುಗಿಸಿ, ಬಲಕ್ಕೆ ಕೂರಿಸಿದ್ದು. ಸ್ಟುಡಿಯೊದಲ್ಲಿ ಬೆಳೆದ ನನಗೆ ಅದು ಯಾರ ಕೈಕೆಲಸ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಒಳಗೆ ಅಪ್ಪನ ಕುರ್ಚಿಯ ಸದ್ದು ನಿಂತಿತ್ತು.

ಆ ಲೈಸೆನ್ಸ್ ಮಾಡಿಸಿದಾಗ ಫೋಟೊ ನಾವೇ ತೆಗೆಸಿಕೊಂಡು ಹೋಗಿ ಕೊಡಬೇಕಿತ್ತು. ಆಮೇಲೆ ನವೀಕರಿಸಿದಾಗಲೂ ಅದೇ ಫೋಟೊ ಮುಂದುವರಿಯಿತು. ನಾನು ಆಲ್ಬಮ್ಮುಗಳನ್ನು ಕೆಳಗಿಳಿಸಿ ಕೌಂಟರಿನ ಮೇಲೆ ಹರಡಿದೆ. ಕಂಪನಿಗೆ ಕಳಿಸಲು ಒಂದೇ ಒಂದು ಸರಿಯಾದ ಫೋಟೊ ಬೇಕಿತ್ತು. ನನ್ನ ಹೆಸರಿಡುವ ದಿನದ್ದು, ಎರಡು ಕಣ್ಣು. ಅಜ್ಜಿಯ ಪಕ್ಕ ನಿಂತದ್ದು, ಎರಡು ಕಣ್ಣು. ಕಾರಿನ ಕೀ ಹಿಡಿದು ನಿಂತದ್ದು, ಎರಡು ಕಣ್ಣು. ಫಿಲ್ಮಿನ ಕಾಲದ್ದೂ ಹಾಗೇ. ಅಪ್ಪ ನೆಗೆಟಿವ್ ತಿದ್ದಲು ಕಲಿತದ್ದೇ ಅತ್ತೆಯ ಕಣ್ಣಿನ ಮೇಲಂತೆ. ಬ್ಲೇಡಿನಿಂದ ಕೆರೆದು, ಸಣ್ಣ ಮೊನೆಯ ಪೆನ್ಸಿಲಿನಿಂದ ರೆಪ್ಪೆ ಎತ್ತುತ್ತಿದ್ದನಂತೆ. ಇಡೀ ಮನೆಯಲ್ಲಿ ಅತ್ತೆಯದು ಎನ್ನಬಹುದಾದ ಒಂದು ಫೋಟೊ ಇರಲಿಲ್ಲ. ನನ್ನ ಫೋನಿನಲ್ಲೂ ಇರಲಿಲ್ಲ. ನಾನು ಫೋನ್ ಎತ್ತಿದರೆ ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಅಪ್ಪ ಬಾಗಿಲಿಗೆ ಬಂದು ನಿಂತ. ‘ಅಕ್ಕ, ನಿನಗೆ ಬೇಜಾರಾಗಬಾರದು ಅಂತ...’ ಎಂದ.

‘ನಾನು ಕೇಳಿದ್ನಾ?’ ಎಂದಳು ಅತ್ತೆ.

ಅಪ್ಪ ಕೌಂಟರಿನ ಹತ್ತಿರ ಬಂದು ಒಂದು ಆಲ್ಬಮ್ ಮುಚ್ಚಿದ.

‘ಒಂದು ಸಲನಾದ್ರೂ, ಇದನ್ನ ತಿದ್ದೋ ಅಂತ ಕೇಳಿದ್ನಾ? ಸ್ಕೂಲ್ ಬಸ್ ಕೆಲಸಕ್ಕೆ ನೀನು ತಿದ್ದಿಕೊಟ್ಟ ಫೋಟೊ ಅಂಟಿಸಿ ಅರ್ಜಿ ಹಾಕಿದ್ದೆ. ಆ ಮ್ಯಾನೇಜರು ಫೋಟೊ ನೋಡ್ತಾನೆ, ನನ್ನ ನೋಡ್ತಾನೆ. ನಿನ್ನೆ ಮಲಗಿಲ್ವಾ ಅಂದ. ಎದ್ದು ಬಂದೆ. ನಿನಗೆ ಹೇಳಲಿಲ್ಲ. ಯಾಕೆ ಗೊತ್ತಾ? ನನ್ನ ತಮ್ಮನಿಗೆ ನನ್ನ ಮುಖ ಇರೋ ಹಾಗೆ ನೋಡೋಕಾಗಲ್ಲ, ನೋವಾಗತ್ತೆ, ಪಾಪ, ಹೋಗಲಿ ಅಂದ್ಕೊಂಡೆ.’ ಅವನು ಮುಚ್ಚಿದ ಆಲ್ಬಮನ್ನು ಅವಳು ಮತ್ತೆ ತೆರೆದಳು. ‘ಆ ದರಿದ್ರ ಕಾರು ನನ್ನ ಕಣ್ಣನ್ನ ತಪ್ಪು ತಿಳ್ಕೊಂಡಿತು. ಆದ್ರೂ ನೋಡಿತು ಕಣೋ. ನೀನು ನೋಡಲೇ ಇಲ್ಲ.’

ಅಪ್ಪನ ಪರವಾಗಿ ಒಂದು ಮಾತು ಹೇಳಬೇಕು ಅನ್ನಿಸಿತು. ಹೇಳಲಿಲ್ಲ, ಯಾಕೆಂದರೆ ನನಗೂ ಅವನ ಮೇಲೆ ಸಿಟ್ಟು ಬಂದಿತ್ತು. ನೋಯಿಸಬಾರದು ಎಂದು ಮನೆಮಂದಿಯೆಲ್ಲ ಬಾಯಿ ಮುಚ್ಚಿಕೊಂಡು, ಒಬ್ಬಳನ್ನು ಅವಳ ಮುಖದಿಂದಲೇ ಹೊರಗಿಟ್ಟಿದ್ದೆವು. ಕಂಪನಿಯವರು ಅಪರಿಚಿತರು. ನಮಗೇನಾಗಿತ್ತು?

‘ತಪ್ಪಾಯ್ತಕ್ಕ’ ಎಂದ ಅಪ್ಪ.

‘ತಪ್ಪಾಯ್ತು ಅಂತ ನಿಂತ್ಕೊಂಡ್ರೆ ಆಯ್ತಾ? ಲೈಟ್ ಹಾಕು.’

ಅವಳು ಒಳಗೆ ಹೋಗಿ ಬಿಳಿ ಪರದೆಯ ಮುಂದಿನ ಸ್ಟೂಲಿನಲ್ಲಿ ಕೂತಳು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಅಪ್ಪ ಕ್ಯಾಮೆರಾದ ಹಿಂದೆ ನಿಂತು, ಅಭ್ಯಾಸಬಲದಿಂದ, ‘ಗದ್ದ ಸ್ವಲ್ಪ ಕೆಳಗೆ...’ ಎಂದವನು ತಾನೇ ತಡೆದುಕೊಂಡ. ‘ಬೇಡ. ನೀನು ಹೇಗೆ ನೋಡ್ತೀಯೋ ಹಾಗೇ ಇರು’ ಎಂದ. ಅತ್ತೆ ಗದ್ದ ಎತ್ತಿ ನೇರವಾಗಿ ನೋಡಿದಳು. ಅಪ್ಪ ಒಂದೇ ಸಲ ಗುಂಡಿ ಒತ್ತಿದ. ಆಮೇಲೆ ಕಂಪ್ಯೂಟರಿನಲ್ಲಿ ಫೋಟೊ ತೆರೆದು ತುಂಬ ಹೊತ್ತು ಕೂತ. ಬೆನ್ನ ಹಿಂದಿನ ನೆರಳನ್ನೂ ತೆಗೆಯಲಿಲ್ಲ. ಹಾಗೆಯೇ ಪ್ರಿಂಟ್ ಕೊಟ್ಟು ಎದ್ದು ಹೋಗಿ, ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ.

ಲೈಸೆನ್ಸ್ ಕಚೇರಿಯಲ್ಲಿ ಫೋಟೊ ಯಾಕೆ ಬದಲಿಸಬೇಕು ಎಂದು ಕೇಳಿದರು. ಅತ್ತೆ ‘ಅದರಲ್ಲಿ ಇರೋದು ನಾನಲ್ಲ’ ಎಂದಳು. ಅಲ್ಲಿ ಆ ಮಾತಿನಿಂದ ದೊಡ್ಡ ರಾದ್ಧಾಂತವೇ ಆಯಿತು. ನಾನು ಡಾಕ್ಟರ ಪತ್ರ ತೋರಿಸಿ ಬಿಡಿಸಿಕೊಂಡು ಬಂದೆ. ಹೊಸ ಕಾರ್ಡ್ ಬಂದ ಮೇಲೆ ಮತ್ತೆ ಎಲ್ಲವನ್ನೂ ಕಂಪನಿಗೆ ಕಳಿಸಿದೆವು. ಅಲ್ಲಿಯ ತನಕ ಕಾರು ಕಿಟಕಿಯ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು, ಅತ್ತೆಯ ರೋಗಿಗಳು ಯಾರ್ಯಾರದೋ ಗಾಡಿಯಲ್ಲಿ ಕುಲುಕಿಕೊಂಡು ಓಡಾಡುತ್ತಿದ್ದರು.

ಕಡೆಗೊಂದು ಬೆಳಿಗ್ಗೆ, ಮನವಿ ಒಪ್ಪಿ ಅಳತೆ ಬದಲಿಸಿದ ಇನ್ನೊಂದು ಅಪ್‌ಡೇಟ್ ಬಂತು. ಅದರಲ್ಲಿ ಏನೇನಿದೆ ಎಂದು ಸ್ಕ್ರೀನಿನಲ್ಲಿ ತೋರಿಸುತ್ತಾರಲ್ಲ, ಅಲ್ಲಿ ಒಂದೇ ಸಾಲು: ‘ಸಣ್ಣಪುಟ್ಟ ಸುಧಾರಣೆಗಳು.’ ನಾನು ಅದನ್ನು ಮತ್ತೆ ಮತ್ತೆ ಓದಿದೆ. ಒಬ್ಬಳ ಕೆಲಸ ಹೋಯಿತು, ಮರ್ಯಾದೆ ಹೋಯಿತು, ಸತ್ತ ಅಡ್ಡಹೆಸರು ಎದ್ದು ಬಂತು, ಇವರಿಗೆ ಅದು ಸಣ್ಣಪುಟ್ಟ. ಕ್ಷಮಿಸಿ ಎಂಬ ಒಂದು ಪದಕ್ಕೆ ಅಷ್ಟು ದೊಡ್ಡ ಸ್ಕ್ರೀನಿನಲ್ಲಿ ಜಾಗ ಇರಲಿಲ್ಲ. ‘ಅಷ್ಟು ಜನರ ಮುಂದೆ ಕೂಗಿ ಹೇಳಿತಲ್ಲ ಅತ್ತೆ, ಈಗ ಅಷ್ಟೇ ಜನರ ಮುಂದೆ ನನ್ನದೇ ತಪ್ಪು ಅನ್ನೋಕೆ ಇದಕ್ಕೆ ಬಾಯಿಲ್ವಾ?’ ಎಂದೆ. ಅತ್ತೆ ಸೀಟ್ ಬೆಲ್ಟ್ ಹಾಕಿಕೊಂಡು, ‘ಬರೋದಾದ್ರೆ ಹತ್ತು’ ಎಂದಳು.

ಮೊದಲ ಬಾಡಿಗೆ ಟೈಲರಮ್ಮನದೇ. ನರ್ಸ್ ಹೇಳಿ ಒಪ್ಪಿಸಿದ್ದರು. ನಾನು ಹಿಂದೆ ಕೂತಿದ್ದೆ. ಟೈಲರಮ್ಮ ಬಟ್ಟೆಚೀಲ ಹಿಡಿದು ಬಂದವರು ಮುಂದಿನ ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತರು. ಅತ್ತೆ ಗಾಡಿ ಬಿಟ್ಟಳು. ಕಾರು ಚಕಾರ ಎತ್ತಲಿಲ್ಲ. ದೊಡ್ಡ ರಸ್ತೆ ಬಂತು, ಆಗಲೂ ಎತ್ತಲಿಲ್ಲ. ಟೈಲರಮ್ಮನ ನೋಟ ಮಾತ್ರ ಕನ್ನಡಿ ಬಿಟ್ಟು ಕದಲಲಿಲ್ಲ. ಒಂದು ಕೈಯಿಂದ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಹಿಂದೆ ಕೂತದ್ದಕ್ಕೆ ಹೊಟ್ಟೆ ತೊಳಸುತ್ತಿತ್ತೇನೋ. ಆದರೂ ಮುಂದೆ ಕೂರಲು ಧೈರ್ಯ ಬಂದಿರಲಿಲ್ಲ.

‘ರಾತ್ರಿ ನಿದ್ದೆ ಚೆನ್ನಾಗಾಯ್ತೇನಮ್ಮ?’ ಎಂದು ಅವರು ಅಕ್ಕರೆಯಿಂದ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಇಂಡಿಕೇಟರ್ ಹಾಕಿ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. ಕನ್ನಡಕ ತೆಗೆದು ಹಿಂದಕ್ಕೆ ತಿರುಗಿದಳು.

‘ಅಮ್ಮ, ನನ್ನ ಈ ಕಣ್ಣಿನ ರೆಪ್ಪೆ ಹುಟ್ಟಿದಾಗಿಂದ ಇಳಿದಿದೆ. ನಿದ್ದೆಯಿಂದಲ್ಲ. ಇದರಲ್ಲಿ ನನಗೆ ನಿಮ್ಮಷ್ಟೇ ಚೆನ್ನಾಗಿ ಕಾಣತ್ತೆ. ಕಾರಿಗೆ ಗೊತ್ತಿರಲಿಲ್ಲ. ನಾನೂ ನಿಮಗೆ ಹೇಳಿರಲಿಲ್ಲ.’

ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಪರ್ಸಿನಿಂದ ಲೈಸೆನ್ಸ್ ತೆಗೆದು ಕೊಟ್ಟಳು. ಟೈಲರಮ್ಮ ಅದನ್ನು ಸೂಜಿಗೆ ದಾರ ಪೋಣಿಸುವವರ ಹಾಗೆ ದೂರ ಹಿಡಿದು ನೋಡಿದರು. ನೋಡಿ, ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು, ಬಾಗಿಲು ತೆಗೆದು ಇಳಿದರು. ಅವರು ನಿಧಾನವಾಗಿ ಮುಂದಕ್ಕೆ ನಡೆದು, ಮುಂದಿನ ಬಾಗಿಲು ತೆಗೆದು, ಅತ್ತೆಯ ಪಕ್ಕ ಕೂತು, ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡರು.

‘ಇರೋ ಹಾಗೇ ಬಂದಿದೀಯಮ್ಮ. ಯಾರು ತೆಗೆದಿದ್ದು ಇದನ್ನ?’ ಎಂದು ಕಾರ್ಡ್ ವಾಪಸ್ ಕೊಟ್ಟರು.

‘ನನ್ನ ತಮ್ಮ’ ಎಂದಳು ಅತ್ತೆ.